ಗುಡದಪ್ಪ ಅನ್ನಾಂವ ನಮ್ಮೂರಾಗ ಇಲ್ರಿ

ನಮ್ಮೂರಿನಷ್ಟು ಒಗ್ಗಟ್ಟಿನ ಊರು ನವಲಗುಂದ ತಾಲೂಕಿನಲ್ಲಷ್ಟೇ ಅಲ್ಲ, ಬಿಸಿಲು ಬೀಳುವ ಯಾವ ಸೀಮೆಯಲ್ಲೂ ಇಲ್ಲ. ಹೆಮ್ಮೆಯಿಂದ ಹೇಳುತ್ತಿದ್ದೇನೆಂದು ತಿಳಿಯಬೇಡಿ. ನನ್ನ ತಲೆಗೂದಲು ಅರ್ಧ ಉದುರಿದ್ದೇ ಆ ಒಗ್ಗಟ್ಟಿನಿಂದ. ಉಳಿದರ್ಧ ಉದುರಿದ್ದು ಎಂಬತ್ತೈದನೆಯ ಇಸವಿಯ ಶ್ರಾವಣದಲ್ಲಿ, ಗುಡದಪ್ಪನನ್ನು ಇಂಗ್ಲೆಂಡಿಗೆ ಕಳಿಸುವ ಗದ್ದಲದಲ್ಲಿ.

ನಾನು ಬಸಣ್ಣ, ಟ್ರ್ಯಾಕ್ಟರ್ ಬಸಣ್ಣ. ಮೊರಬದ ಆಚೀಚೆಯ ಎರೆ ಹಾದಿಗಳಲ್ಲಿ ಮಳೆಗಾಲದಲ್ಲೂ ಗಾಡಿ ಹೊಡೆದ ಒಬ್ಬನೇ ಗಂಡಸು. ನಮ್ಮ ಕರಿ ಮಣ್ಣು ತೊಯ್ದರೆ ಹೇಗಿರುತ್ತದೆಂದು ಕಂಡವರಿಗೇ ಗೊತ್ತು. ಒಮ್ಮೆ ಬೀಗರೊಬ್ಬರ ಕಾಲು ಊರ ಹೆಬ್ಬಾಗಿಲು ಅಗಸಿಯ ಮುಂದೆ ಹುಗಿದುಕೊಂಡಿತು. ಸುಗ್ಗಿಗೆ ಮಣ್ಣು ಒಣಗಿದ ಮೇಲೆಯೇ ಅವರು ತಮ್ಮೂರು ಕಂಡದ್ದು. ಬೇಸಿಗೆಯಲ್ಲಿ ಅದೇ ಮಣ್ಣು ಬಾಯಿ ಬಿಟ್ಟಾಗ ಶಿದ್ಲಿಂಗಪ್ಪನ ಎಮ್ಮೆ ಒಂದು ಬಿರುಕಿನಲ್ಲಿ ಇಳಿದು ಅಣ್ಣಿಗೇರಿಯ ಹೊಲದಲ್ಲಿ ಎದ್ದು ಬಂದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಎಮ್ಮೆ ದಾರಿಯಲ್ಲಿ ಕರು ಹಾಕಿತ್ತು.

ಆ ಬಿರುಕುಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬೆಳೆದವನು ಗುಡದಪ್ಪ, ಕೇರಿಯ ಫಕೀರವ್ವನ ಒಬ್ಬನೇ ಮಗ. ಅವ್ವ ಕಂಡವರ ಹೊಲದಲ್ಲಿ ಕಸ ತೆಗೆಯುತ್ತಿದ್ದರೆ ಇವನು ಜೋಳದ ದಂಟನ್ನು ಬಿರುಕಿನೊಳಗೆ ಬಿಟ್ಟು ಆಳ ನೋಡುತ್ತಿದ್ದ. ‘ಬಸಣ್ಣ ಕಾಕಾ, ಈ ಭೂಮಿ ಯಾಕ ಬಾಯಿ ತೆರೀತೈತಿ?’ ಎಂದು ಕೇಳಿದ. ‘ನೀರಡಿಕಿ ಆಗಿರ್ತೈತಿ ತಮ್ಮಾ’ ಎಂದೆ. ಇಡೀ ಜಿಲ್ಲೆಯಲ್ಲಿ ಇದಕ್ಕಿಂತ ಚೊಲೋ ಉತ್ತರ ಕೊಡುವವರು ಇರಲಿಲ್ಲ. ಹುಡುಗನಿಗೆ ಮಾತ್ರ ಸಮಾಧಾನವಾಗಲಿಲ್ಲ. ಅದನ್ನೇ ಕೇಳುತ್ತ ಕೇಳುತ್ತ ನವಲಗುಂದದ ಹೈಸ್ಕೂಲು ಮುಗಿಸಿದ, ಧಾರವಾಡದಲ್ಲಿ ಕೃಷಿ ಕಾಲೇಜು ಮುಗಿಸಿದ, ಕೊರಳಿಗೆ ಬಂಗಾರದ ಪದಕ ಹಾಕಿಸಿಕೊಂಡ, ಅಲ್ಲೇ ಮುಂದಿನ ಓದಿಗೆ ನಿಂತ. ಕಡೆಗೆ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದವರು, ನಿನ್ನ ಪ್ರಶ್ನೆಗೆ ಉತ್ತರ ಇಲ್ಲೇ ಬಂದು ಹುಡುಕು, ಖರ್ಚೆಲ್ಲ ನಮ್ಮದು ಎಂದು ಕರೆದರು.

ಪಂಚಾಯ್ತಿ ಮೆಂಬರ ಶಿದ್ಲಿಂಗಪ್ಪನಿಗೆ ಇದು ತಿಳಿಯಲೇ ಇಲ್ಲ.

‘ಅಲ್ಲಲೇ ತಮ್ಮಾ, ಮಣ್ಣು ಇಲ್ಲೈತಿ. ನೋಡಾಕ ಅಲ್ಲಿಗ್ಯಾಕ ಹೋಗ್ತಿ?’

‘ಮಣ್ಣಿನ ಒಳಗಿಂದ ನೋಡೂ ಮಶೀನು ಅಲ್ಲದಾವ್ರಿ ಕಾಕಾ.’

‘ಒಳಗಿಂದ ನೋಡಬೇಕಂದ್ರ ನನ್ನ ಎಮ್ಮೀನ ಕೇಳು.’

ಫಕೀರವ್ವನ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಕಡೆಯ ಹೆಣ್ಣುಮಕ್ಕಳು ಗಂಡನ ಹೆಸರು ಬಾಯಲ್ಲಿ ತರುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಮದುವೆ ಮನೆಯಲ್ಲಿ ಬಾಗಿಲು ಅಡ್ಡಗಟ್ಟಿದರೆ ಒಂದು ಪದ ಕಟ್ಟಿ ಅದರೊಳಗೆ ಹೆಸರು ಮುಚ್ಚಿಟ್ಟು ಹೇಳಿ ಒಳಗೆ ಓಡುತ್ತಾರೆ, ಅಷ್ಟೆ. ನಮ್ಮ ರೇಣುಕವ್ವನ ಗಂಡ ಕರಿಸಿದ್ದಪ್ಪ. ಹಾಗಾಗಿ ಆಕೆ ಕರಿ ಎಮ್ಮೆಗೂ ಕರಿ ಅನ್ನುವುದಿಲ್ಲ, ‘ಬೆಳ್ಳಗಿಲ್ಲದ್ದು’ ಅನ್ನುತ್ತಾಳೆ. ಫಕೀರವ್ವ ಇದರಲ್ಲಿ ಎಲ್ಲರ ಮೇಲೆ ಒಂದು ಕೈ. ಅವಳ ಗಂಡ ಯಲ್ಲಪ್ಪ. ಆ ಕಾರಣಕ್ಕೆ ಸವದತ್ತಿಯ ಯಲ್ಲಮ್ಮನ ಹೆಸರನ್ನೂ ಎತ್ತದೆ, ‘ಗುಡ್ಡದಾಕಿ’ ಎಂದೇ ಕೈ ಮುಗಿಯುತ್ತಿದ್ದಳು. ಮಗ ಹುಟ್ಟಿದಾಗ ಗುಡದಪ್ಪನೆಂದು ಕರೆದದ್ದೂ ಅದಕ್ಕೇ. ರೇಶನ್ ಅಂಗಡಿಯಲ್ಲಿ, ದವಾಖಾನೆಯಲ್ಲಿ, ಮತದಾರರ ಪಟ್ಟಿ ಬರೆಯುವವರ ಮುಂದೆ ‘ಗಂಡನ ಹೆಸರು?’ ಎಂದರೆ ಸುಮ್ಮನೆ ನನ್ನ ಕಡೆ ನೋಡುತ್ತಿದ್ದಳು, ನಾನು ಹೇಳುತ್ತಿದ್ದೆ. ಯಲ್ಲಪ್ಪ ತೀರಿಕೊಂಡ ಮೇಲೂ ಅಷ್ಟೆ. ಆ ಹೆಸರನ್ನು ಯಲ್ಲಪ್ಪನ ತಾಯಿಗಿಂತ ಹೆಚ್ಚು ಸಲ ಹೇಳಿದವನು ನಾನೇ.

ಯಲ್ಲಪ್ಪನ ಕತೆ ನಗುವಂಥದಲ್ಲ. ಎಂಬತ್ತನೆಯ ಇಸವಿಯಲ್ಲಿ ಕಾಲುವೆ ತೆರಿಗೆಯ ಗಲಾಟೆಯಾಯಿತಲ್ಲ, ಆಮೇಲೆ ಊರೂರಿಗೂ ಪೊಲೀಸರು ಬಂದರು. ಗಾಡಿಯ ಗಾಲಿ ಸರಿಮಾಡಿಸಲು ನವಲಗುಂದಕ್ಕೆ ಹೋಗಿದ್ದ ಯಲ್ಲಪ್ಪ ಮಂದಿಯ ಜೊತೆ ಸಿಕ್ಕಿಬಿದ್ದ. ಅಲ್ಲಿಯ ಠಾಣೆಯಲ್ಲಿ ಕೂಡಿಹಾಕಿದರು. ಬಿಟ್ಟು ಕಳಿಸಿದರು, ಖರೆ. ಆದರೆ ಬಂದವನು ಹಿಂದಿನ ಯಲ್ಲಪ್ಪ ಆಗಿರಲಿಲ್ಲ. ಖಾಕಿ ಕಂಡರೆ ಸಾಕು, ಅದು ಬಸ್ಸಿನ ಕಂಡಕ್ಟರನ ಖಾಕಿಯಾದರೂ ಜೋಳದ ಬೆಳೆಯೊಳಗೆ ಹೊಕ್ಕು ಕೂರುತ್ತಿದ್ದ. ಎರಡು ಮಳೆಗಾಲ ಹಾಗೇ ಇದ್ದು ಹೋದ. ಆ ಗಲಾಟೆಯ ವರ್ಷದಿಂದ ನಮ್ಮೂರಲ್ಲಿ ಒಂದು ಪದ್ಧತಿ ಬಿತ್ತು. ಯಾರೂ ಕೂತು ನಿರ್ಣಯ ಮಾಡಿದ್ದಲ್ಲ, ತಾನಾಗಿ ಬಿತ್ತು. ಖಾಕಿಯವನು ಬಂದು ಯಾರ ಹೆಸರು ಕೇಳಿದರೂ ಒಂದೇ ಉತ್ತರ: ‘ಅಂಥಾಂವ ನಮ್ಮೂರಾಗ ಇಲ್ರಿ.’

ಇನ್ನು ಗುಡದಪ್ಪ. ಅವನು ಪಾಸ್‌ಪೋರ್ಟಿಗೆ ಅರ್ಜಿ ಹಾಕಿ, ಧಾರವಾಡದ ಹಾಸ್ಟೆಲಿಗೆ ತಿರುಗಿ ಹೋಗುವ ಮೊದಲು ಅಗಸಿಯ ಕಟ್ಟೆಯ ಮೇಲೆ ಎಲ್ಲರಿಗೂ ಸರಿಯಾಗಿ ಹೇಳಿದ್ದ.

‘ಸರಕಾರದಾಂವ ಒಬ್ಬ ಬಂದು ನನ್ನ ವಿಚಾರಣಿ ಮಾಡ್ತಾನ. ಇದ್ದದ್ದು ಇದ್ದಂಗ ಹೇಳ್ರಿ. ಅವನ ವರದಿ ಮ್ಯಾಲ ಪಾಸ್‌ಪೋರ್ಟು. ಅದು ಕೈಗೆ ಬರಲಿಲ್ಲಂದ್ರ ಅಕ್ಟೋಬರಕ್ಕ ಅಲ್ಲಿ ಬಾಗಲಾ ಮುಚ್ಚಿತು. ನನ್ನ ಸೀಟು ಮತ್ತೊಬ್ಬಗ ಹೋಗ್ತೈತಿ.’

‘ಬರಲಿ ತಮ್ಮಾ!’ ಎಂದ ಶಿದ್ಲಿಂಗಪ್ಪ. ‘ನಿನ್ನ ಗುಣಗಾನ ಕೇಳಿ ಅವ ಅಳಕೋಂತ ಹೋಗಬೇಕು, ಹಂಗ ಹೇಳ್ತೀವಿ.’

ಸರಕಾರದವನೆಂದರೆ ಪ್ಯಾಂಟು, ಕನ್ನಡಕ, ಬಗಲಲ್ಲಿ ಚೀಲ ಎಂದು ಊರೆಲ್ಲ ತಿಳಿಯಿತು. ಗುಡದಪ್ಪನೂ ಹಾಗೇ ತಿಳಿದಿದ್ದ. ಫಕೀರವ್ವ ಶೇಂಗಾದ ಹೋಳಿಗೆ ಮಾಡಿ ಡಬ್ಬಿಯಲ್ಲಿಟ್ಟಳು. ಟೇಲರ್ ನಬೀಸಾಬನ ಮನೆಯಿಂದ ಹೂವಿನ ಚಿತ್ರದ ಕಪ್ಪು-ಬಸಿ ಬಂತು. ಕೂರಲು ಶಿದ್ಲಿಂಗಪ್ಪನ ಮನೆಯಿಂದ ನವಲಗುಂದದ ಜಮಖಾನೆ ಕೇರಿಗೆ ಬಂತು. ಅದು ಆ ಮನೆಯಿಂದ ಹೊರಬಿದ್ದದ್ದು ಅದೇ ಮೊದಲು. ಇಷ್ಟು ತಯಾರಿ ನಡೆದಾಗಲೇ ನನಗೆ ಸಂಶಯ ಬರಬೇಕಿತ್ತು. ನಮ್ಮವರು ತಯಾರಿ ಮಾಡಿದ ಯಾವ ಕೆಲಸ ನೆಟ್ಟಗಾಗಿದೆ?

ಆ ಗುರುವಾರ ನಾನು ಹೆಸರುಕಾಳಿನ ಚೀಲ ಹೇರಿಕೊಂಡು ಹುಬ್ಬಳ್ಳಿ ಮಾರ್ಕೆಟ್ಟಿಗೆ ಹೋಗಿದ್ದೆ. ನಾನು ಊರಲ್ಲಿದ್ದರೆ ಈ ಕತೆಯೇ ನಡೆಯುತ್ತಿರಲಿಲ್ಲ. ತಿರುಗಿ ಬರುವಾಗ ಊರಿನಿಂದ ಇತ್ತ ಹಾದಿಯಲ್ಲಿ ಒಬ್ಬ ಹವಾಲ್ದಾರ ಸೈಕಲ್ಲನ್ನು ಮಗ್ಗುಲಿಗೆ ಮಲಗಿಸಿ, ಮಡ್‌ಗಾರ್ಡಿನಲ್ಲಿ ಕಿಕ್ಕಿರಿದ ಕೆಸರನ್ನು ಕಡ್ಡಿಯಿಂದ ಕೆರೆಯುತ್ತ ನಿಂತಿದ್ದ. ಹೆಸರು ಹನಮಂತಪ್ಪ. ಠಾಣೆಯ ಮಂದಿಯಲ್ಲಿ ಒಳ್ಳೆಯ ಮನುಷ್ಯ, ಯಾರ ಮನೆಯಲ್ಲೂ ಚಹಾ ಸುದ್ದಾ ಕುಡಿಯುವವನಲ್ಲ. ಸೈಕಲ್ಲನ್ನೂ ಅವನನ್ನೂ ಎತ್ತಿ ಟ್ರೇಲರಿಗೆ ಹಾಕಿಕೊಂಡು ನವಲಗುಂದದ ಕಡೆ ತಿರುಗಿಸಿದೆ. ನನ್ನಷ್ಟು ಉಪಕಾರಿ ಮತ್ತೆಲ್ಲಿ?

‘ಎತ್ತಾಗ ಹೋಗಿದ್ರಿ ಸಾಹೇಬ್ರ?’

‘ನಿಮ್ಮೂರಿಗೇ. ಪಾಸ್‌ಪೋರ್ಟ್ ವಿಚಾರಣಿ. ಗುಡದಪ್ಪ ಯಲ್ಲಪ್ಪ ಅಂತ. ಪಾಪ, ಭಾಳ ಶಾಣ್ಯಾ ಇದ್ದನಂತ.’

‘ಇದ್ದನಂತ ಅಂದ್ರ?’

‘ಸತ್ತಾನಲ್ಲೋ. ನಿನಗ ಗೊತ್ತಿಲ್ಲೇನು?’

ಟ್ರ್ಯಾಕ್ಟರು ಹಾದಿ ಬಿಟ್ಟು ಹತ್ತಿ ಹೊಲಕ್ಕೆ ಇಳಿಯಿತು. ಬೇರೆ ಯಾವನಾದರೂ ಆಗಿದ್ದರೆ ಪಲ್ಟಿಯಾಗುತ್ತಿತ್ತು.

ನಡೆದದ್ದನ್ನು ಹವಾಲ್ದಾರ ಹೇಳಿದ. ಮೊದಲು ಅಗಸಿಯಲ್ಲಿ ಶಿದ್ಲಿಂಗಪ್ಪನನ್ನು ಕೇಳಿದನಂತೆ. ‘ಅಂಥಾಂವ ಇಲ್ರಿ’ ಎಂದು ಉತ್ತರ. ಮುಂದೆ ಬಂದರೆ ರೇಣುಕವ್ವ, ‘ಅದಾನ್ರಿ, ದುಡ್ಯಾಕ ಗೋವಾಕ್ಕ ಹೋಗ್ಯಾನ’ ಎಂದಳು. ಇಬ್ಬರ ಮಾತು ಬೇರೆ ಬೇರೆಯಾಯಿತಲ್ಲ, ನಬೀಸಾಬ ಹೊಲಿಗೆ ಮಶೀನು ಬಿಟ್ಟು ಎದ್ದು ಬಂದು ಎರಡನ್ನೂ ಕೂಡಿಸಿ ಹೊಲಿದ: ‘ಇಬ್ರೂ ಖರೇನ ಹೇಳ್ಯಾರ್ರಿ. ಗೋವಾಕ್ಕ ಹೋಗಿದ್ದ, ಅಲ್ಲಿ ಕಾಮಣಿ ಹತ್ತಿ ಕಣ್ಣು ಹಳದಿ ಆದ್ವು, ಬಂದು ಸತ್ತ. ಅದಕ್ಕ ಈಗ ಇಲ್ಲ.’ ಹೊಲದಲ್ಲಿ ಕಸ ತೆಗೆಯುತ್ತಿದ್ದ ಫಕೀರವ್ವನನ್ನು ಹುಡುಕಿಕೊಂಡು ಹೋಗಿ ಕೇಳಿದರೆ ಆಕೆ ಕೈಯಲ್ಲಿದ್ದ ಕಳೆ ತೆಗೆಯುವ ಕುರ್ಚಿಗಿಯಿಂದ ಕಣ್ಣು ಎತ್ತದೆ, ‘ನನಗ ಮಕ್ಕಳ ಆಗಿಲ್ರಿ’ ಎಂದಳಂತೆ.

‘ಸಾಹೇಬ್ರ, ಹುಡುಗ ಗುಂಡಕಲ್ಲಿನಂಗ ಅದಾನ್ರಿ!’

‘ಹೌದೇನು? ಈಗ ಎದ್ದು ಕುಂತನೇನು?’

‘ನನ್ನ ಮಾತು ಕೇಳ್ರಿ. ಹುಟ್ಟಿದ ದಿನಾನ ಸೂಲಗಿತ್ತಿಗೆ ಮಗ್ಗಿ ಹೇಳ್ಯಾನ. ಧಾರವಾಡದ ಪ್ರೊಫೆಸರ್ರು ಅವನ ಮುಂದ ಕೈಕಟ್ಟಿ ನಿಂದರ್ತಾರ. ವಿಲಾಯತಿಯವ್ರು ಅವನೊಬ್ಬನ ಸಲುವಾಗಿ ಬ್ಯಾರೆ ವಿಮಾನ ಕಳಸಾಕತ್ಯಾರ, ಇಳಸಾಕ ಜಾಗಾ ಬೇಕಂತ ಶಿದ್ಲಿಂಗಪ್ಪನ ಹೊಲಾ ಕೇಳ್ಯಾರ!’

ಹವಾಲ್ದಾರ ನನ್ನನ್ನೇ ನೋಡಿದ.

‘ಬಸಣ್ಣ, ಗಾಡಿ ನಿಂದರಸು. ನಿಮ್ಮೂರಾಗ ಸತ್ತಾಂವನ ಸುದ್ದೀನ ನಂಬೂವಂಗ ಐತಿ. ಜೀವಂತ ಇದ್ದಾಂವಂದು ನಂಬಾಕ ಆಗವಲ್ದು. ಐದು ವರ್ಷ ಆತು, ನಾ ಯಾರನ್ನ ಹುಡುಕ್ಯಾಡಿಕೊಂಡು ಬಂದ್ರೂ ನಿಮ್ಮೂರಾಗ ಅವರು ಇರಂಗಿಲ್ಲ. ಠಾಣೆ ಲೆಕ್ಕದಾಗ ನಿಮ್ಮದು ಹಾಳೂರು. ಸೋಮವಾರ ವರದಿ ಧಾರವಾಡಕ್ಕ ಹೋಗ್ತೈತಿ. ಅಂಥಾಂವ ಇಲ್ಲ. ಮುಗೀತು.’

ಸೈಕಲ್ಲು ಹೆಗಲ ಮೇಲೆ ಹೊತ್ತುಕೊಂಡು ಕೆಸರಲ್ಲಿ ನಡೆದೇ ಹೋದ. ನಾನು ಅಷ್ಟು ವಿವರವಾಗಿ ಹೇಳಿದರೂ ನಂಬಲಿಲ್ಲವೆಂದರೆ, ಅವನು ಅಗದಿ ಸಂಶಯದ ಮನುಷ್ಯ.

ಊರಿಗೆ ಬಂದರೆ ಅಲ್ಲಿ ಸಂಭ್ರಮ. ಖಾಕಿಯವನನ್ನು ಹೇಗೆ ತಿರುಗಿಸಿ ಕಳಿಸಿದೆವೆಂದು ಒಬ್ಬರಿಗೊಬ್ಬರು ಹೇಳಿಕೊಂಡು ನಗುತ್ತಿದ್ದರು. ಶಿದ್ಲಿಂಗಪ್ಪ ಕಟ್ಟೆಯ ಮೇಲೆ ಗೆದ್ದ ಪೈಲವಾನನ ಹಾಗೆ ಕೂತಿದ್ದ.

‘ಬಾರೋ ಬಸಣ್ಣ! ಇವತ್ತ ಗುಡದ್ಯಾನ ಉಳಿಸಿದ್ವಿ!’

‘ಉಳಿಸಿದ್ರೋ ಹುಗದ್ರೋ? ಆತನ ಸರಕಾರದಾಂವ! ಪಾಸ್‌ಪೋರ್ಟಿಗೆ ಬಂದಿದ್ದ!’

‘ಖಾಕಿ ಹಾಕ್ಕೊಂಡು ಬಂದಿದ್ನಲ್ಲೋ.’

‘ಮತ್ತೇನು ಪತ್ತಲಾ ಉಟ್ಟು ಬರಬೇಕಾಗಿತ್ತೇನು?’

ಆಮೇಲೆ ಶುರುವಾಯಿತು ನೋಡಿ. ಶಿದ್ಲಿಂಗಪ್ಪ ರೇಣುಕವ್ವನ ಕಡೆ ತಿರುಗಿದ, ನಾ ಇಲ್ಲ ಅಂತಷ್ಟ ಅಂದಿದ್ದೆ, ಗೋವಾ ಯಾಕ ತಂದಿ? ರೇಣುಕವ್ವ ನಬೀಸಾಬನ ಕಡೆ ತಿರುಗಿದಳು, ನಾ ಗೋವಾಕ್ಕ ಕಳಿಸಿದ್ರ ತಿರುಗಿ ಬರತಿದ್ದ, ನೀ ಕೊಂದಿ. ನಬೀಸಾಬ, ‘ಕಾಮಣಿ ಅಂದೀನಿ, ಮರ್ಯಾದಿ ಸಾವು ಕೊಟ್ಟೀನಿ, ನಿಮ್ಮಂಗ ಓಡಿ ಹೋಗ್ಯಾನ ಅಂದಿಲ್ಲ’ ಎಂದ. ನನ್ನ ತಲೆ ಸಿಡಿದು ಎರಡು ಹೋಳಾಗಿತ್ತು. ಒಂದನ್ನು ಎಡಗೈಯಲ್ಲೂ ಒಂದನ್ನು ಬಲಗೈಯಲ್ಲೂ ಹಿಡಿದುಕೊಂಡೇ ಮನೆಗೆ ಬಂದೆ.

ದಾರಿಯಲ್ಲಿ ಫಕೀರವ್ವ ತನ್ನ ಗುಡಿಸಲ ಮುಂದೆ ಕೂತಿದ್ದಳು. ಯಾರೋ ಹೇಳಿದ್ದರು. ಪಕ್ಕದಲ್ಲಿ ಹೋಳಿಗೆ ಡಬ್ಬಿ.

‘ಬಸಣ್ಣ, ನಾ ಬಾಯ್ಲೆ ಎಂಥಾ ಮಾತು ಆಡೀನಲ್ಲೋ. ಮಗಾನ ಆಗಿಲ್ಲ ಅಂದ್ನಿ.’

‘ಖಾಕಿ ಕಂಡು ಅಂದಿ. ಬಿಡು.’

‘ಸರಿ ಮಾಡ್ತಿಯೇನು?’

‘ನಾ ಯಾರಬೇ? ಬಸಣ್ಣ! ಕಲೆಕ್ಟರ್ ನನ್ನ ಕಂಡ್ರ ಎದ್ದು ನಿಂದರ್ತಾನ.’

ಆಕೆ ನನ್ನ ಮುಖ ನೋಡಿ ನಿಟ್ಟುಸಿರು ಬಿಟ್ಟದ್ದು ಯಾಕೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಶುಕ್ರವಾರ ಧಾರವಾಡಕ್ಕೆ ಹೋಗಿ ಗುಡದಪ್ಪನಿಗೆ ಅವನ ಸಾವಿನ ಸುದ್ದಿ ತಿಳಿಸಿದೆ. ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡ.

‘ಎದರ್ಲೆ ಸತ್ತೆ ಕಾಕಾ?’

‘ಕಾಮಣಿ.’

‘ಯಾರರೆ ಅತ್ತರೇನು?’

‘ನಗಾಕತ್ತಿದ್ರು.’

‘ಇದ್ದದ್ದು ಇದ್ದಂಗ ಹೇಳ್ರಿ ಅಂತ ಕೈ ಮುಗದು ಹೇಳಿದ್ನಲ್ಲ ಕಾಕಾ! ಮಣ್ಣಿನ ಪರೀಕ್ಷಾ ಪಾಸಾಗಬಹುದು, ಇಂಗ್ಲಿಷ್ ಪರೀಕ್ಷಾ ಪಾಸಾಗಬಹುದು, ನಮ್ಮೂರ ಮಂದೀನ ಹ್ಯಾಂಗ ಪಾಸಾಗೂದು?’

ಶನಿವಾರ ಮುಂಜಾನೆ ಠಾಣೆಗೆ ಹೊರಟೆವು. ನಾನು, ಗುಡದಪ್ಪ, ಮೂವರು ಸಾಕ್ಷಿ ಎಂದು ಮಾತಾಗಿತ್ತು. ಆದರೆ ಒಗ್ಗಟ್ಟಿನ ಊರಲ್ಲವೇ, ಟ್ರೇಲರ್ ತುಂಬಿ ಉಕ್ಕಿತು. ನಾಯಿಗಳೂ ಹತ್ತಿದವು. ಎಂಜಿನ್ನು ನನ್ನದಾದ್ದರಿಂದ ಎಳೆಯಿತು. ಫಕೀರವ್ವನೂ ಬಂದಳು. ಆದರೆ ಠಾಣೆ ಕಾಣುವ ತಿರುವಿನಲ್ಲಿ ಸೆರಗು ಮುಖದ ಮೇಲೆ ಎಳೆದುಕೊಂಡು ಟ್ರೇಲರಿನ ತಳದಲ್ಲಿ ಕೂತುಬಿಟ್ಟಳು. ‘ನಾ ಇಳ್ಯಂಗಿಲ್ಲ. ಆ ಮೆಟ್ಟಲಾ ನಾ ಹತ್ತಂಗಿಲ್ಲ’ ಎಂದಳು. ಗುಡದಪ್ಪ, ‘ಇರಲಿ ಬಿಡವಾ, ಇಲ್ಲೇ ಕುಂಡ್ರು’ ಎಂದ. ಯಾಕೆಂದು ಎಲ್ಲರಿಗೂ ಗೊತ್ತಿತ್ತು.

ಒಳಗೆ ಹನಮಂತಪ್ಪ ಹಾಳೆ ಮುಂದಿಟ್ಟುಕೊಂಡು ಕೂತಿದ್ದ. ನಮ್ಮನ್ನು ಕಂಡು ಪೆನ್ನು ಕೆಳಗಿಟ್ಟ.

‘ಬಂತೇನಪಾ ಹಾಳೂರು?’

ಗುಡದಪ್ಪ ಮುಂದೆ ಹೋಗಿ ಕಾಲೇಜಿನ ಗುರುತಿನ ಕಾರ್ಡು ಇಟ್ಟ. ತಗ್ಗಿದ ದನಿಯಲ್ಲಿ ನಡೆದದ್ದನ್ನೆಲ್ಲ ಹೇಳಿದ. ಹವಾಲ್ದಾರ ಸಮಾಧಾನದಿಂದ ಕೇಳಿದ.

‘ತಮ್ಮಾ, ನೀ ಧಾರವಾಡದಾಗ ಓದ್ತಿ ಅನ್ನೂದು ಈ ಕಾರ್ಡಿನ್ಯಾಗ ಐತಿ. ಆದ್ರ ನನ್ನ ಕೇಳಿದ್ದು, ಈ ಊರಾಗ ಇಂಥಾ ಅಪ್ಪನ ಮಗ ಇಂಥಾಂವ ಅದಾನೋ ಇಲ್ಲೋ ಅಂತ. ಊರ ಮೆಂಬರ ಇಲ್ಲ ಅಂದ. ಹಡದಾಕಿ ಮಕ್ಕಳ ಆಗಿಲ್ಲ ಅಂದ್ಲು. ಮೊನ್ನೆ ಸತ್ತಾಂವ ಇವತ್ತು ಬಂದು ನಿಂತ್ರ ನಾ ಏನಂತ ಬರೀಲಿ? ಮ್ಯಾಲಿನವ್ರು ನನ್ನ ಕೇಳಂಗಿಲ್ಲೇನು?’

‘ಸಾಕ್ಷಿ ತಂದೀವ್ರಿ!’ ಎಂದು ನಾನು ಶಿದ್ಲಿಂಗಪ್ಪನನ್ನು ಮುಂದಕ್ಕೆ ನೂಕಿದೆ.

ಹವಾಲ್ದಾರ ಪೆನ್ನು ಎತ್ತಿದ. ‘ನಿನ್ನ ಹೆಸರು?’

ಖಾಕಿ ಅಂಗಿ, ಎದುರಿಗೆ ಪೆನ್ನು. ಐದು ವರ್ಷದ ರೂಢಿ ಶಿದ್ಲಿಂಗಪ್ಪನ ಬಾಯಿಗೆ ತಾನಾಗಿ ಬಂತು.

‘ಶಿದ್ಲಿಂಗಪ್ಪ ಅನ್ನಾಂವ ನಮ್ಮೂರಾಗ ಇಲ್ರಿ.’

ಗುಡದಪ್ಪ ಗೋಡೆಗೆ ಹಣೆ ಹಚ್ಚಿ ನಿಂತ. ನಬೀಸಾಬ ಸುಧಾರಿಸಲು ಹೋಗಿ, ‘ಅದಾನ್ರಿ, ಆದ್ರ ಗೋವಾ...’ ಎಂದು ಶುರು ಮಾಡಿದ. ರೇಣುಕವ್ವ ಅವನ ಬಾಯಿ ಮುಚ್ಚಿದಳು. ನಾನು ಪರಿಸ್ಥಿತಿಯನ್ನು ಕೈಗೆ ತೆಗೆದುಕೊಂಡು, ಈ ಹುಡುಗನ ಜಾತಕ ನೋಡಿ ಕಾಶಿಯ ಪಂಡಿತರು ಮೂರ್ಛೆ ಹೋದ ಸಂಗತಿ ಹೇಳತೊಡಗಿದೆ.

‘ಎಲ್ಲಾರೂ ಹೊರಗ ಹೋಗ್ರಿ!’ ಹವಾಲ್ದಾರ ಎದ್ದು ನಿಂತ. ಅವನ ದನಿ ಸಿಟ್ಟಿನದಲ್ಲ, ಅಳು ಬರುವಂಥದು. ‘ಯಪ್ಪಾ, ನಾ ಖರೆ ಬರೀಬೇಕಂತ ಕುಂತೀನಿ! ಒಬ್ಬರರೆ ಒಂದು ಖರೆ ಹೇಳ್ರೋ!’

ಗುಡದಪ್ಪ ಮೊದಲು ಹೊರಗೆ ಬಂದ. ಕಾರ್ಡನ್ನು ಕಿಸೆಗೆ ಹಾಕಿಕೊಳ್ಳಲು ಹೋಗಿ ಕಿಸೆ ಸಿಗದೆ ಕೈಯಲ್ಲೇ ಹಿಡಿದುಕೊಂಡು ಟ್ರೇಲರಿನ ಹತ್ತಿರ ನಿಂತ.

‘ನಡಿಯವಾ, ಊರಿಗೆ ಹೋಗೂಣು. ನಾ ಸತ್ತೀನಂತ. ಹತ್ತಿ ಬಿಡಿಸಾಕ ನಿನ್ನ ಜೋಡಿ ನಾನೂ ಬರ್ತೀನಿ.’

ಫಕೀರವ್ವ ಸೆರಗು ಸರಿಸಿ ಮಗನ ಮುಖ ನೋಡಿದಳು. ಆಮೇಲೆ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು. ನಾವೆಲ್ಲ ಬೇರೆ ಬೇರೆ ದಿಕ್ಕು ನೋಡಿದೆವು.

‘ಇಷ್ಟ ಮಂದಿ ಹೋಗೀರಿ. ಒಬ್ಬ ಹುಡುಗ ಅದಾನ ಅಂತ ಹೇಳಾಕ ಆಗಲಿಲ್ಲ ನಿಮಗ?’

‘ನಾ ಹೇಳಾಕತ್ತಿದ್ದೆ ಫಕೀರವ್ವಾ, ಕಾಶೀ ಪಂಡಿತ್ರು—’

‘ನಿನ್ನ ಕಾಶಿಗೆ ಬೆಂಕಿ ಹಚ್ಚಲಿ!’

ಟ್ರೇಲರಿನಿಂದ ಧಪ್ಪೆಂದು ಇಳಿದಳು. ಇಳಿದ ರಭಸಕ್ಕೆ ನವಲಗುಂದದ ಗುಡ್ಡ ಒಂದು ಮಾರು ಆಚೆ ಸರಿದದ್ದು ಸುಳ್ಳಲ್ಲ. ಠಾಣೆಯ ಮೆಟ್ಟಿಲ ತನಕ ದಡದಡ ಬಂದಳು. ಅಲ್ಲಿ ಕಾಲು ನಿಂತಿತು. ಕೈ ಗೋಡೆ ಹಿಡಿಯಿತು. ನಾನು ಹಿಂದೆಯೇ ಇದ್ದೆ. ‘ಯವ್ವಾ, ಬ್ಯಾಡಬೇ’ ಎಂದ ಗುಡದಪ್ಪ. ಆಕೆ ಮೆಟ್ಟಿಲು ಹತ್ತಿದಳು.

ಹನಮಂತಪ್ಪ ತಲೆಯ ಮೇಲೆ ಕೈ ಹೊತ್ತು ಕೂತಿದ್ದ.

‘ಮೊನ್ನೆ ಮಕ್ಕಳ ಆಗಿಲ್ಲ ಅಂದಾಕಿ ನೀನ ಅಲ್ಲೇನು?’

‘ನಾನ. ನಿನ್ನ ಅಂಗಿ ಕಂಡು ಅಂದ್ನಿ.’

‘ಇವತ್ತೂ ಅದ ಅಂಗಿ ಐತಿ.’

‘ಇರಲಿ. ಇವತ್ತು ನನ್ನ ಮಗ ಅದಾನ. ಬರಿ.’

ಹವಾಲ್ದಾರ ಅವಳನ್ನು ನೋಡಿದ. ನಿಧಾನವಾಗಿ ಪೆನ್ನು ತೆಗೆದುಕೊಂಡ. ಎಡಗೈಯನ್ನು ಹಾಳೆಯ ಮೇಲೆ ಅಡ್ಡ ಇಟ್ಟ.

‘ನಿನ್ನ ಹೆಸರು?’

‘ಫಕೀರವ್ವ.’

ನಮ್ಮೂರಿನವರೊಬ್ಬರು ಆ ಮೇಜಿನ ಮುಂದೆ ಕೊಟ್ಟ ಮೊದಲ ಖರೆ ಹೆಸರು ಅದು. ಬಾಗಿಲಲ್ಲಿ ಇಣುಕುತ್ತಿದ್ದ ಶಿದ್ಲಿಂಗಪ್ಪ ‘ಅಯ್ಯಯ್ಯ’ ಎಂದ.

‘ಗಂಡನ ಹೆಸರು?’

ರೂಢಿಯಂತೆ ನಾನು ಗಂಟಲು ಸರಿ ಮಾಡಿಕೊಂಡು ಮುಂದೆ ಬಂದೆ. ‘ಆಕಿ ಹೇಳಂಗಿಲ್ರಿ ಸಾಹೇಬ್ರ, ಯಾವಾಗ್ಲೂ ನಾನ—’

‘ನಿನ್ನ ಬಾಯಿಂದ ಬಂದದ್ದು ಒಂದಕ್ಷರಾನೂ ನಾ ಬರ್ಯಂಗಿಲ್ಲ’ ಎಂದ ಹವಾಲ್ದಾರ.

ಫಕೀರವ್ವ ನನ್ನ ಕಡೆ ತಿರುಗಲೇ ಇಲ್ಲ. ರೇಶನ್ ಅಂಗಡಿಯಲ್ಲಿ, ದವಾಖಾನೆಯಲ್ಲಿ ಇಷ್ಟು ವರ್ಷ ತಿರುಗಿದವಳು ತಿರುಗಲಿಲ್ಲ. ಮೇಜಿನ ಅಂಚು ಹಿಡಿದಳು. ತುಟಿ ಒಂದು ಸಲ ಅಲುಗಾಡಿ ನಿಂತಿತು. ರೇಣುಕವ್ವ ಹಿಂದಿನಿಂದ, ‘ಬ್ಯಾಡ ಬೇ, ಪದಾ ಕಟ್ಟಿ ಹೇಳ’ ಎಂದು ಪಿಸುಗುಟ್ಟಿದಳು.

‘ಯಲ್ಲಪ್ಪ’ ಎಂದಳು ಫಕೀರವ್ವ.

ಪದ ಇಲ್ಲ, ಒಗಟು ಇಲ್ಲ, ಬರಿಯ ಹೆಸರು. ರೇಣುಕವ್ವ ಎರಡೂ ಕಿವಿ ಮುಚ್ಚಿಕೊಂಡಳು. ಗುಡದಪ್ಪ ಅಪ್ಪನ ಹೆಸರನ್ನು ಅವ್ವನ ಬಾಯಲ್ಲಿ ಕೇಳಿದ್ದು ಹುಟ್ಟಿದ ಮೇಲೆ ಅದೇ ಮೊದಲು. ಯಾರೋ ಹಿಂದಿನಿಂದ ಕರೆದ ಹಾಗೆ ತಿರುಗಿ ಬಾಗಿಲ ಕಡೆ ನೋಡಿದ. ನಾನೂ ನೋಡಿದೆ. ಯಲ್ಲಪ್ಪ ಬಂದು ನಿಂತಿದ್ದನೆಂದು ಹೇಳಬಲ್ಲೆ. ಹೇಳುವುದಿಲ್ಲ. ಅಲ್ಲಿ ಯಾರೂ ಇರಲಿಲ್ಲ.

‘ಯಲ್ಲಪ್ಪ’ ಎಂದಳು ಮತ್ತೆ, ಈ ಸಲ ಸಿಟ್ಟಿನಿಂದ. ‘ಕಿವಿ ಕೇಳಲಿಲ್ಲೇನು? ಯಲ್ಲಪ್ಪ. ಇದ ಮನಿಯೊಳಗ ಅವನ್ನ ಕುಂಡ್ರಿಸಿದ್ರು. ಅವನ ಮಗ ಇವ. ಇನ್ನೆಷ್ಟು ಸಲ ಅನ್ನಸ್ತಿ ನನ್ನ ಕಡಿಂದ?’

ಹನಮಂತಪ್ಪ ಹಾಳೆಯ ಮೇಲಿನ ಕೈ ತೆಗೆದ. ಅಲ್ಲಿ ಅದೇ ಹೆಸರಿತ್ತು. ಆದರೆ ಅವನು ಅದನ್ನು ನೋಡುತ್ತಿರಲಿಲ್ಲ.

‘ಸಾಕು ಯವ್ವಾ’ ಎಂದ. ‘ನಮ್ಮವ್ವ ನಮ್ಮಪ್ಪನ ಹೆಣದ ಮುಂದೂ ಹೆಸರು ಎತ್ತಲಿಲ್ಲ. ಇದರ ಮ್ಯಾಲ ನನಗ ಸಾಕ್ಷಿ ಬ್ಯಾಡ.’

ಮೊದಲಿನ ಹಾಳೆ ಹರಿದ. ಹೊಸದು ತೆಗೆದು, ನಿಧಾನವಾಗಿ ಬರೆಯುತ್ತ ಗಟ್ಟಿಯಾಗಿ ಓದಿದ: ಗುಡದಪ್ಪ, ತಂದೆ ಯಲ್ಲಪ್ಪ, ಇದೇ ಊರಿನವನು, ಜೀವಂತ ಇದ್ದಾನೆ. ಬರೆದು ಮುಗಿಸಿ, ಬಾಗಿಲಲ್ಲಿ ಕಿಕ್ಕಿರಿದ ನಮ್ಮನ್ನು ನೋಡಿದ.

‘ಅಂತೂ ಇಬ್ಬರು ಇದ್ದಂಗಾತು ನಿಮ್ಮೂರಾಗ.’

ಫಕೀರವ್ವ ಸೊಂಟದಲ್ಲಿ ಸಿಕ್ಕಿಸಿದ್ದ ಗಂಟು ಬಿಚ್ಚಿ ಹೋಳಿಗೆ ಮುಂದಿಟ್ಟಳು. ‘ನಿನ್ನ ಸಲುವಾಗೇ ಮಾಡಿದ್ನಿ. ಬಿರಸಾಗ್ಯಾವ. ತಪ್ಪು ನಿಂದ, ಹೇಳಿ ಬರಬೇಕಾಗಿತ್ತು.’ ಯಾರ ಮನೆಯಲ್ಲೂ ಚಹಾ ಕುಡಿಯದ ಹವಾಲ್ದಾರ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡ. ಅದನ್ನು ಅಗಿಯುವ ಸಪ್ಪಳ ಕುಂದಗೋಳಕ್ಕೆ ಕೇಳಿಸಿತು.

ಊರಿಗೆ ತಿರುಗಿ ಬರುವಾಗ ಟ್ರೇಲರಿನಲ್ಲಿ ಯಾರೂ ಮಾತಾಡಲಿಲ್ಲ. ಇಂಥದು ನಮ್ಮೂರ ಇತಿಹಾಸದಲ್ಲಿ ಹಿಂದೆ ಆಗಿಲ್ಲ, ಮುಂದೆ ಆಗುವುದಿಲ್ಲ. ಫಕೀರವ್ವ ಮಾತ್ರ ದಾರಿಯುದ್ದಕ್ಕೂ ಮಗನನ್ನು ಬೈಯುತ್ತಿದ್ದಳು: ಪೊಲೀಸ ಬರ್ತಾನಂತ ಮೊದಲ ಹೇಳಾಕ ಏನಾಗಿತ್ತು, ಬಂಗಾರದ ಪದಕ ಯಾತಕ್ಕ ಕೊಟ್ರು ನಿನಗ, ಇಷ್ಟೂ ತಿಳ್ಯಂಗಿಲ್ಲ. ಗುಡದಪ್ಪ ‘ಹೌದವಾ, ಹೌದವಾ’ ಎನ್ನುತ್ತಿದ್ದ.

ಪಾಸ್‌ಪೋರ್ಟು ಬಂತು. ಅಕ್ಟೋಬರು ಹುಟ್ಟುವ ಮೊದಲು ಅವನನ್ನು ಮುಂಬಯಿಯ ಕಡೆಯ ರೈಲು ಹತ್ತಿಸಲು ಹುಬ್ಬಳ್ಳಿಗೆ ಹೋದೆವು. ಮತ್ತೆ ಅದೇ ಟ್ರೇಲರು, ಅದೇ ಮಂದಿ. ಗುಡದಪ್ಪನ ಹತ್ತಿರ ಒಂದು ತಗಡಿನ ಟ್ರಂಕು. ಒಳಗೆ ಎರಡು ಜೊತೆ ಅರಿವೆ, ನಬೀಸಾಬ ಹೊಲಿದುಕೊಟ್ಟ ಕೋಟು, ನಮ್ಮ ಹೊಲದ ಮಣ್ಣು ತುಂಬಿದ ಒಂದು ಅರಿವೆಯ ಚೀಲ. ಕೋಟಿನ ಒಂದು ತೋಳು ಇನ್ನೊಂದಕ್ಕಿಂತ ಗಿಡ್ಡ.

ಅವನು ಟಿಕೀಟಿನ ಕಿಟಕಿಗೆ ಹೋಗಿದ್ದಾಗ ರೈಲ್ವೆ ಪೊಲೀಸನೊಬ್ಬ ಲಾಠಿ ಆಡಿಸುತ್ತ ಬಂದ. ಆ ವರ್ಷ ಉತ್ತರದ ಕಡೆ ಬಾಂಬಿನ ಸುದ್ದಿ ಬಹಳವಿತ್ತು. ಸಾಮಾನು ಕಂಡಲ್ಲಿ ಕೇಳುತ್ತಿದ್ದರು.

‘ಯಾರದಿದು ಟ್ರಂಕು?’

ಖಾಕಿ. ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮೂರು ಒಂದೇ ದನಿಯಲ್ಲಿ, ಒಂದು ಸ್ವರ ಹೆಚ್ಚುಕಡಿಮೆ ಇಲ್ಲದೆ ಹೇಳಿಬಿಟ್ಟಿತು:

‘ನಮ್ಮದಲ್ರಿ!’

ಪೊಲೀಸ ಲಾಠಿಯ ತುದಿಯಿಂದ ಟ್ರಂಕನ್ನು ತಟ್ಟಿದ. ಸೀಟಿ ಬಾಯಿಗಿಟ್ಟ. ನಾನು ತಲೆ ಹಿಡಿದುಕೊಂಡೆ. ಹಿಡಿದುಕೊಳ್ಳಲು ಅಲ್ಲಿ ಕೂದಲು ಒಂದೂ ಇರಲಿಲ್ಲ.

ಫಕೀರವ್ವ ಮಂದಿಯನ್ನು ಸೀಳಿಕೊಂಡು ಬಂದಳು. ಟ್ರಂಕಿನ ಮೇಲೆ ಗಟ್ಟಿಯಾಗಿ ಕೂತಳು. ಎರಡೂ ಕಾಲು ಮೇಲೆತ್ತಿ ಚಕ್ಕಳಬಕ್ಕಳ ಹಾಕಿದಳು.

‘ನಮ್ಮದು’ ಎಂದಳು. ‘ನನ್ನ ಮಗಂದು. ಯಲ್ಲಪ್ಪನ ಮಗ, ಗುಡದಪ್ಪ. ಟಿಕೀಟ ತಗಿಸಾಕ ಹೋಗ್ಯಾನ, ಬರ್ತಾನ. ಇವರ ಮಾತು ಕೇಳಬ್ಯಾಡ. ಇವರು ಹಿಂಗ.’